ಕೊಡುಗೈ ಮಲ್ಲ ಜೋ ಲೂಯಿಸ್

ದೇಹಬಲದಿಂದ ಕೀರ್ತಿಯನ್ನು ಗಳಿಸಿದವರು ಲೋಕದಲ್ಲಿ ಅನೇಕರಿದ್ದಾರೆ. ಗಳಿಸಿದ ಕೀರ್ತಿಯನ್ನೂ ಧನವನ್ನೂ ತನ್ನವರಿಗಾಗಿ, ತನ್ನ ನಾಡಿಗಾಗಿ ಮುಕ್ತಹಸ್ತದಿಂದ ವೆಚ್ಚಮಾಡಿದವರು ಕೆಲವರು ಮಾತ್ರ. ಹಾಗೆ ಕೊಟ್ಟ ಕಾರಣದಿಂದಲೇ ಸಂಕಷ್ಟಕ್ಕೆ ಗುರಿಯಾಗಿ, ಆಗಲೂ ಮನಸ್ಸನ್ನು ಕಹಿಮಾಡಿಕೊಳ್ಳದೆ ಬಾಳಿದವರು ತೀರ ವಿರಳ. ಈ ವಿರಳ ಪಂಕ್ತಿಗೆ ಸೇರತಕ್ಕವನು ಅಮೇರಿಕೆಯ ಹೆವಿವೇಟ್ ಮುಷ್ಟಿಯುದ್ಧ ವೀರ ಜೋ ಲೂಯಿಸ್. 1937ರಿಂದ 1949ರವರೆಗೆ, ಹನ್ನೆರಡು ವರ್ಷಗಳಿಗೆ ಕೆಲವೇ ತಿಂಗಳು ಕಡಮೆಯಾಗುವಷ್ಟು ಕಾಲ, ಆತನು ವಿಶ್ವವಿಜೇತ ಪದವಿಯನ್ನು ಬಿಟ್ಟುಕೊಡದೆ ಉಳಿಸಿಕೊಂಡನು. ಪದವಿಯನ್ನು ಪಣಕ್ಕಿಟ್ಟು ಇಪ್ಪತ್ತೈದು ಬಾರಿ ಕಾದಾಡಿದನು. ಇಪ್ಪತ್ತೈದು ಬಾರಿಯೂ ಅದನ್ನು ಕಾಪಾಡಿಕೊಂಡನು. ಆದರೆ ಈ ಅಂಕಿಗಳಷ್ಟರಿಂದಲೇ ಅವನನ್ನು ಅಳೆಯಹೋದರೆ ಅವನ ಜೀವನದ ಅರ್ಧಭಾಗವನ್ನು ಕೈಬಿಟ್ಟಂತಾಗುತ್ತದೆ. ಉಳಿದರ್ಧವು ಕಣದ ಹಗ್ಗಗಳ ಹೊರಗೆ ನಡೆದ ಕಥೆ. ಕಾಯಕವನ್ನೂ ದಾಸೋಹವನ್ನೂ ಬಾಳಿನ ಎರಡು ಕಣ್ಣುಗಳೆಂದು ಬಗೆಯುವವರು ಆ ಕಥೆಯನ್ನು ಅವಶ್ಯವಾಗಿ ತಿಳಿಯಬೇಕು.

ಹತ್ತಿಯ ಹೊಲಗಳ ನಡುವೆ

ಅಮೇರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ ಅಲಬಾಮ ಎಂಬ ರಾಜ್ಯವಿದೆ. ಅಲ್ಲಿನ ಚೇಂಬರ್ಸ್ ಕೌಂಟಿಯ ಲಾಫಯೆಟ್ ಪಟ್ಟಣದ ಸಮೀಪದ ಹಳ್ಳಿಗಾಡಿನಲ್ಲಿ 1914ನೆಯ ಇಸವಿ ಮೇ 13ರಂದು ಜೋಸೆಫ್ ಲೂಯಿಸ್ ಬ್ಯಾರೋ ಜನಿಸಿದನು. ತಂದೆ ಮನ್ರೋ ಬ್ಯಾರೋ, ತಾಯಿ ಲಿಲ್ಲಿ. ಎಂಟು ಮಕ್ಕಳಲ್ಲಿ ಇವನು ಏಳನೆಯವನು. ಆಫ್ರಿಕದಿಂದ ಹಿಡಿದು ತಂದು ಮಾರಲ್ಪಟ್ಟ ಗುಲಾಮರ ಸಂತತಿಯ ಕುಟುಂಬವದು. ಗುಲಾಮಗಿರಿ 1865ರಲ್ಲಿ ಶಾಸನರೀತ್ಯಾ ತೊಲಗಿತ್ತಾದರೂ ಭೂಮಿ ಬಿಳಿಯರ ಒಡೆತನದಲ್ಲಿಯೇ ಉಳಿದಿತ್ತು. ಮನ್ರೋ ಬ್ಯಾರೋ ಅನ್ಯರ ಹೊಲವನ್ನು ಪಾಲಿಗೆ ಹಿಡಿದು ಹತ್ತಿ ಬೆಳೆಯುತ್ತಿದ್ದನು. ವರ್ಷವಿಡೀ ದುಡಿದರೂ ಸುಗ್ಗಿಯ ಕೊನೆಗೆ ಸಾಲವೇ ಕೈಗೆ ಉಳಿಯುವಂಥ ಪಾಲುಗಾರಿಕೆ ಅದಾಗಿತ್ತು.

ಮಗುವಿಗೆ ಎರಡು ವರ್ಷ ತುಂಬುವ ಸುಮಾರಿಗೆ ತಂದೆಗೆ ಚಿತ್ತಸ್ವಾಸ್ಥ್ಯ ಕೆಟ್ಟು, ಆತನನ್ನು ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಲಾಯಿತು. ಕೆಲವು ಕಾಲದ ನಂತರ ಆತನು ತೀರಿಕೊಂಡನೆಂಬ ಸುದ್ದಿ ಬಂದಿತು. ಅದನ್ನು ನಂಬಿದ ಲಿಲ್ಲಿ, ಪ್ಯಾಟ್ ಬ್ರೂಕ್ಸ್ ಎಂಬ ವಿಧುರನನ್ನು ಮದುವೆಯಾದಳು. ವಾಸ್ತವವಾಗಿ ಮನ್ರೋ ಇನ್ನೂ ಬದುಕಿದ್ದನು. ಮಗ ವಿಶ್ವವಿಜೇತನಾದುದನ್ನು ಅರಿಯದೆಯೇ ಆತನು 1938ರಲ್ಲಿ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದನು. ಬಾಲಕ ಜೋಸೆಫ್‌ಗೆ ಮಾತು ತಡವಾಗಿ ಬಂದಿತು; ಬಂದ ಮೇಲೂ ನಾಲಿಗೆ ತೊದಲುತ್ತಿತ್ತು. ಮುಂದೆ ಆತನು ಮಿತಭಾಷಿಯೆಂದು ಪ್ರಸಿದ್ಧನಾಗುವುದಕ್ಕೆ ಈ ಬಾಲ್ಯದ ಸಂಕೋಚವೂ ಒಂದು ಕಾರಣವಾಗಿದ್ದಿರಬೇಕು.

ದಕ್ಷಿಣದ ರಾಜ್ಯಗಳಲ್ಲಿ ಆಗ ಕಪ್ಪು ಜನರ ಬಾಳು ಅತ್ಯಂತ ದುಸ್ತರವಾಗಿತ್ತು. ಶಾಲೆ, ರೈಲುಗಾಡಿ, ಉಪಾಹಾರಗೃಹ, ಕುಡಿಯುವ ನೀರಿನ ನಲ್ಲಿ ಇವೆಲ್ಲವೂ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ. ಕೂ ಕ್ಲಕ್ಸ್ ಕ್ಲಾನ್ ಎಂಬ ಮುಸುಕುಧಾರಿ ಪಂಗಡದವರು ರಾತ್ರಿವೇಳೆ ಬಂದು ಕುಟುಂಬಗಳನ್ನು ಬೆದರಿಸುವುದೂ ಹೊಡೆದು ಕೊಲ್ಲುವುದೂ ನಡೆಯುತ್ತಿತ್ತು. ಇಂಥ ಭೀತಿಯಿಂದಲೂ ಬಡತನದಿಂದಲೂ ಬೇಸತ್ತ ಲಕ್ಷಾಂತರ ಜನ ಉತ್ತರದ ಕೈಗಾರಿಕಾ ನಗರಗಳಿಗೆ ವಲಸೆಹೋದರು. ಬ್ರೂಕ್ಸ್ ಕುಟುಂಬವೂ 1926ರಲ್ಲಿ ಮೋಟಾರು ಕಾರ್ಖಾನೆಗಳ ನಗರವಾದ ಡೆಟ್ರಾಯಿಟ್‌ಗೆ ಬಂದು, ಅಲ್ಲಿ ಕಪ್ಪು ಜನರು ಕಿಕ್ಕಿರಿದು ವಾಸಿಸುತ್ತಿದ್ದ ಬ್ಲ್ಯಾಕ್ ಬಾಟಮ್ ಎಂಬ ಕೇರಿಯಲ್ಲಿ ನೆಲೆನಿಂತಿತು.

ಪಿಟೀಲಿನ ಪೆಟ್ಟಿಗೆ

ಹನ್ನೆರಡು ವರ್ಷದ ಹಳ್ಳಿಯ ಹುಡುಗನಿಗೆ ನಗರದ ಶಾಲೆಯಲ್ಲಿ ತನಗಿಂತ ಕಿರಿಯ ಮಕ್ಕಳ ಜೊತೆ ಕುಳಿತುಕೊಳ್ಳಬೇಕಾಯಿತು. ಪುಸ್ತಕದ ವಿದ್ಯೆ ಅವನಿಗೆ ಒಲಿಯಲಿಲ್ಲ. ಆದುದರಿಂದ ಅವನನ್ನು ಬ್ರಾನ್ಸನ್ ವೃತ್ತಿಶಿಕ್ಷಣ ಶಾಲೆಗೆ ಸೇರಿಸಿದರು. ಅಲ್ಲಿ ಮರಗೆಲಸವನ್ನು ಕಲಿತು ಮೇಜು ಕಪಾಟುಗಳನ್ನು ಮಾಡಬಲ್ಲವನಾದನು. 1929ರ ನಂತರ ಅಮೇರಿಕವನ್ನು ಆವರಿಸಿದ ಆರ್ಥಿಕ ಮುಗ್ಗಟ್ಟಿನಲ್ಲಿ ಮಲತಂದೆಯ ಕೆಲಸ ಹೋಯಿತು. ಕುಟುಂಬವು ನಗರಸಭೆಯ ಪರಿಹಾರಧನದಿಂದ ಹೊಟ್ಟೆ ಹೊರೆಯಬೇಕಾದ ಸ್ಥಿತಿ ಒದಗಿತು. ಹುಡುಗನು ಮಂಜುಗಡ್ಡೆಯ ಭಾರವಾದ ದಿಂಡುಗಳನ್ನು ಹೊತ್ತು ಮನೆಮನೆಗೆ ಮುಟ್ಟಿಸುವ ಕೆಲಸ ಹಿಡಿದನು. ಅವನ ಭುಜಗಳು ಗಟ್ಟಿಯಾದದ್ದು ಆ ಹೊರೆಗಳಿಂದ.

ಮಗನು ಬೀದಿಯ ಪುಂಡರ ಸಹವಾಸಕ್ಕೆ ಬೀಳದಿರಲೆಂದು ತಾಯಿ ಲಿಲ್ಲಿ ತನ್ನ ಕಷ್ಟದ ಸಂಪಾದನೆಯಲ್ಲಿ ಸ್ವಲ್ಪವನ್ನು ಉಳಿಸಿ ಅವನಿಗೆ ಪಿಟೀಲು ಕಲಿಸುವ ಏರ್ಪಾಡು ಮಾಡಿದಳು. ಆದರೆ ಗೆಳೆಯನೊಬ್ಬನು ಅವನನ್ನು ಬ್ರೂಸ್ಟರ್ ವ್ಯಾಯಾಮ ಕೇಂದ್ರಕ್ಕೆ ಕರೆದೊಯ್ದನು. ಪಿಟೀಲಿನ ಪಾಠಕ್ಕೆಂದು ತಾಯಿ ಕೊಟ್ಟ ಹಣ ಆ ಕೇಂದ್ರದ ಶುಲ್ಕಕ್ಕೆ ಹೋಯಿತು. ಪಿಟೀಲಿನ ಪೆಟ್ಟಿಗೆಯೊಳಗೆ ಮುಷ್ಟಿಯುದ್ಧದ ಕೈಗವಸುಗಳು ಅಡಗಿ ಕುಳಿತವು. ವಿಷಯ ತಿಳಿದಾಗ ತಾಯಿ ಕೋಪಗೊಳ್ಳುವಳೆಂದು ಹುಡುಗನು ಹೆದರಿದ್ದನು. ಆಕೆ ಹಾಗೆ ಮಾಡಲಿಲ್ಲ. ಯಾವ ಕೆಲಸವನ್ನೇ ಹಿಡಿಯಲಿ, ಅದನ್ನು ಪೂರ್ಣಮನಸ್ಸಿನಿಂದ ಮಾಡಬೇಕೆಂಬುದಷ್ಟೇ ಆಕೆಯ ಅಪೇಕ್ಷೆಯಾಗಿತ್ತು.

1932ರಲ್ಲಿ ನಡೆದ ಹವ್ಯಾಸಿ ಸ್ಪರ್ಧೆಯೊಂದರಲ್ಲಿ ಒಲಿಂಪಿಕ್ ಪಟುವಾದ ಜಾನಿ ಮೈಲರ್ ಎಂಬವನ ಎದುರು ಈತನು ಮತ್ತೆ ಮತ್ತೆ ನೆಲಕ್ಕುರುಳಿ ಸೋತನು. ಅವಮಾನಿತನಾದ ಹುಡುಗನು ಕೆಲವು ಕಾಲ ಕಣವನ್ನೇ ತೊರೆದು ಫೋರ್ಡ್ ಮೋಟಾರು ಕಾರ್ಖಾನೆಯಲ್ಲಿ ಭಾರ ತಳ್ಳುವ ಕೆಲಸ ಮಾಡಿದನು. ಆದರೆ ಸೋತ ಆಟವನ್ನು ಅಲ್ಲಿಗೇ ಬಿಟ್ಟುಬಿಡುವುದು ಅವನ ಸ್ವಭಾವಕ್ಕೆ ಒಗ್ಗಲಿಲ್ಲ. ಮರಳಿ ಬಂದು ಅಭ್ಯಾಸಕ್ಕೆ ನಿಂತನು. ತನ್ನ ದೀರ್ಘವಾದ ಹೆಸರಿನಿಂದ ಬ್ಯಾರೋ ಎಂಬುದು ಬಿಟ್ಟುಹೋಗಿ ಜೋ ಲೂಯಿಸ್ ಎಂಬ ಚಿಕ್ಕ ಹೆಸರು ಉಳಿದದ್ದು ಈ ದಿನಗಳಲ್ಲಿಯೇ. 1934ರಲ್ಲಿ ರಾಷ್ಟ್ರೀಯ ಹವ್ಯಾಸಿ ಲೈಟ್ ಹೆವಿವೇಟ್ ಪದವಿಯನ್ನು ಗೆದ್ದನು. ಹವ್ಯಾಸಿಯಾಗಿ ಆಡಿದ 54 ಪಂದ್ಯಗಳಲ್ಲಿ 50ನ್ನು ಗೆದ್ದು, ಅದೇ ವರ್ಷ ಜುಲೈ 4ರಂದು ಚಿಕಾಗೋ ನಗರದಲ್ಲಿ ವೃತ್ತಿಪರ ಮುಷ್ಟಿಮಲ್ಲನಾಗಿ ಮೊದಲ ಬಾರಿ ಕಣಕ್ಕಿಳಿದನು. ಮೊದಲ ಸುತ್ತಿನಲ್ಲಿಯೇ ಎದುರಾಳಿ ಮಲಗಿದನು.

ಗುರುವೂ ನಿಯಮಗಳೂ

ಲೂಯಿಸನ ಏಳಿಗೆಗೆ ಮೂವರು ಕಾರಣಪುರುಷರು. ಡೆಟ್ರಾಯಿಟ್‌ನ ಜಾನ್ ರಾಕ್ಸ್‌ಬರೋ ಮತ್ತು ಚಿಕಾಗೋದ ಜೂಲಿಯನ್ ಬ್ಲ್ಯಾಕ್ ಎಂಬ ಇಬ್ಬರು ವ್ಯವಸ್ಥಾಪಕರು. ಜ್ಯಾಕ್ ಬ್ಲ್ಯಾಕ್‌ಬರ್ನ್ ಎಂಬ ಶಿಕ್ಷಕ. ಮೂವರೂ ಕಪ್ಪು ಜನಾಂಗದವರೇ. ಇವರು ದೋಷರಹಿತರೇನೂ ಆಗಿರಲಿಲ್ಲ. ರಾಕ್ಸ್‌ಬರೋವಿನ ಸಂಪತ್ತು ಓಸಿ ಜೂಜಿನಿಂದ ಬಂದದ್ದು. ಬ್ಲ್ಯಾಕ್‌ಬರ್ನನು ಹಿಂದೊಮ್ಮೆ ನರಹತ್ಯೆಯ ಅಪರಾಧಕ್ಕಾಗಿ ಸೆರೆವಾಸ ಅನುಭವಿಸಿದ್ದವನು. ಆದರೂ ಶಿಷ್ಯನ ವಿಷಯದಲ್ಲಿ ಅವರು ತೋರಿದ ಶ್ರದ್ಧೆ ನಿಷ್ಕಪಟವಾಗಿತ್ತು.

ಬ್ಲ್ಯಾಕ್‌ಬರ್ನನು ಕಪ್ಪು ಹುಡುಗನನ್ನು ಹೆವಿವೇಟ್ ಪದವಿಗೆ ಸಿದ್ಧಪಡಿಸಲು ಮೊದಲು ಹಿಂಜರಿದನು. ಅದಕ್ಕೆ ಬಲವಾದ ಹಿನ್ನೆಲೆಯಿತ್ತು. 1908ರಲ್ಲಿ ಜ್ಯಾಕ್ ಜಾನ್ಸನ್ ಎಂಬ ಕಪ್ಪು ಮಲ್ಲನು ಪ್ರಥಮ ಬಾರಿಗೆ ಈ ಪದವಿಯನ್ನು ಗೆದ್ದಿದ್ದನು. 1910ರಲ್ಲಿ ಆತನು ಹಿಂದಿನ ಬಿಳಿಯ ವಿಜೇತ ಜೆಫ್ರೀಸ್‌ನನ್ನು ಸೋಲಿಸಿದಾಗ ಅಮೇರಿಕದ ಹಲವು ಊರುಗಳಲ್ಲಿ ದಂಗೆಗಳಾಗಿ ಜನ ಸತ್ತರು. ಸೋತವರನ್ನು ಕಂಡು ಬಹಿರಂಗವಾಗಿ ನಗುತ್ತಿದ್ದ, ಬಿಳಿಯ ಸ್ತ್ರೀಯರನ್ನು ಮದುವೆಯಾದ ಜಾನ್ಸನ್‌ನನ್ನು ಬಿಳಿಯ ಸಮಾಜ ಕ್ಷಮಿಸಲಿಲ್ಲ. 1913ರಲ್ಲಿ ಮೊಕದ್ದಮೆ ಹೂಡಿ ಅವನನ್ನು ಅಪರಾಧಿಯೆಂದು ತೀರ್ಮಾನಿಸಲಾಯಿತು. ಆ ತೀರ್ಪಿನ ಅನ್ಯಾಯವನ್ನು ಒಪ್ಪಿ ಕ್ಷಮಾದಾನ ಪ್ರಕಟವಾಗಲು 2018ನೆಯ ವರ್ಷವೇ ಬರಬೇಕಾಯಿತು. 1915ರಲ್ಲಿ ಜಾನ್ಸನ್ ಸೋತನಂತರ ಇಪ್ಪತ್ತೆರಡು ವರ್ಷಗಳ ಕಾಲ ಯಾವ ಕಪ್ಪು ಮಲ್ಲನೂ ವಿಶ್ವವಿಜೇತನಾಗಲಿಲ್ಲ.

ಆದುದರಿಂದ ಲೂಯಿಸನಿಗೆ ಅವನ ಹಿರಿಯರು ಕಟ್ಟುನಿಟ್ಟಾದ ನಿಯಮಗಳನ್ನು ವಿಧಿಸಿದರು. ಬಿದ್ದ ಎದುರಾಳಿಯ ಮೇಲೆ ಹಿಗ್ಗಬಾರದು. ಗೆದ್ದಾಗ ಮುಖದಲ್ಲಿ ಗರ್ವ ಕಾಣಬಾರದು. ಮೋಸದ ಪಂದ್ಯಕ್ಕೆ ಒಪ್ಪಬಾರದು. ಬಿಳಿಯ ಸ್ತ್ರೀಯರ ಜೊತೆ ಚಿತ್ರ ತೆಗೆಸಿಕೊಳ್ಳಬಾರದು. ಶುದ್ಧವಾಗಿ ಬಾಳಬೇಕು, ಶುದ್ಧವಾಗಿ ಕಾದಬೇಕು. ಬಿಳಿಯ ಮಲ್ಲನಿಗೆ ಯಾರೂ ವಿಧಿಸದ ಈ ಕಟ್ಟುಪಾಡುಗಳಲ್ಲಿ ಅನ್ಯಾಯವಿತ್ತೆಂಬುದು ನಿಜ. ಕಣದಲ್ಲಿ ಮಾತ್ರ ಲೂಯಿಸ್ ಅವನ್ನು ತನ್ನ ಸ್ವಭಾವವೇ ಎಂಬಂತೆ ಪಾಲಿಸಿದನು. ಖಾಸಗಿ ಜೀವನದಲ್ಲಿ ಹಾಗೆ ಆಗಲಿಲ್ಲ. ಧನವ್ಯಯದಲ್ಲಿ ಮಿತಿಯಿಲ್ಲದಿರುವುದು, ದಾಂಪತ್ಯದಲ್ಲಿ ನಿಷ್ಠೆಯ ಕೊರತೆ ಮುಂತಾದ ದೌರ್ಬಲ್ಯಗಳು ಅವನಿಗಿದ್ದವು. 1935ರಲ್ಲಿ ಕೈಹಿಡಿದ ಮಾರ್ವಾ ಟ್ರಾಟರ್ ಅವನಿಂದ ಎರಡು ಬಾರಿ ವಿಚ್ಛೇದನ ಪಡೆಯಬೇಕಾಯಿತು.

ಬ್ಲ್ಯಾಕ್‌ಬರ್ನ್ ಕಲಿಸಿದ ವಿದ್ಯೆ ಕಣ್ಣುಕುಕ್ಕುವಂಥದಲ್ಲ. ಕುಣಿದಾಡದೆ ಅಂಗುಲ ಅಂಗುಲವಾಗಿ ಮುಂದೆ ಸರಿಯುವುದು. ದೇಹದ ತೂಕವನ್ನು ಕಾಲುಗಳ ಮೇಲೆ ಸಮನಾಗಿ ನಿಲ್ಲಿಸುವುದು. ದೂರದಿಂದ ಬೀಸದೆ ಹತ್ತಿರದಿಂದ, ಚಿಕ್ಕದಾಗಿ, ವೇಗವಾಗಿ, ಒಂದರ ಹಿಂದೊಂದು ಹೊಡೆತ ಕೊಡುವುದು. ಈ ಸಾಧನೆಯ ಫಲವಾಗಿ ಲೂಯಿಸನ ಎರಡೂ ಕೈಗಳು ಸಮಾನ ಬಲವುಳ್ಳವಾದವು. 1935ರ ಜೂನ್ 25ರಂದು ನ್ಯೂಯಾರ್ಕಿನಲ್ಲಿ ಇಟಲಿಯ ದೈತ್ಯದೇಹಿ ಪ್ರಿಮೋ ಕಾರ್ನೆರಾನನ್ನು ಆರನೆಯ ಸುತ್ತಿನಲ್ಲಿ, ಸೆಪ್ಟೆಂಬರ್ 24ರಂದು ಮ್ಯಾಕ್ಸ್ ಬೇರ್‌ನನ್ನು ನಾಲ್ಕನೆಯ ಸುತ್ತಿನಲ್ಲಿ ಉರುಳಿಸಿದನು. ಇಬ್ಬರೂ ಹಿಂದೆ ವಿಶ್ವವಿಜೇತರಾಗಿದ್ದವರೇ. ಕೈಗೆ ಹಣ ಬಂದೊಡನೆ ಲೂಯಿಸ್ ತಾಯಿಗೆ ಮನೆ ಕೊಂಡುಕೊಟ್ಟನು. ಬಡತನದಲ್ಲಿ ತನ್ನ ಕುಟುಂಬ ಪಡೆದಿದ್ದ ಪರಿಹಾರಧನವನ್ನು ಯಾರೂ ಕೇಳದಿದ್ದರೂ ಡೆಟ್ರಾಯಿಟ್‌ಗೆ ಹಿಂದಿರುಗಿಸಿದನು.

ಸೋಲು ಕಲಿಸಿದ ಪಾಠ

ಸತತ ಜಯವು ಅಜಾಗರೂಕತೆಯನ್ನು ತರುವುದು ಸಹಜ. 1936ರ ಬೇಸಗೆಯಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಎಂಬ ಹಿಂದಿನ ವಿಶ್ವವಿಜೇತನೊಡನೆ ಪಂದ್ಯ ಗೊತ್ತಾಯಿತು. ಮುಪ್ಪಡರಿದ ಮಲ್ಲನೆಂದು ಎಲ್ಲರೂ ಶ್ಮೆಲಿಂಗ್‌ನನ್ನು ಕಡೆಗಣಿಸಿದರು. ಲೂಯಿಸ್ ಆಗ ತಾನೇ ಹತ್ತಿದ ಗಾಲ್ಫ್ ಆಟದ ಹುಚ್ಚಿನಲ್ಲಿ ಅಭ್ಯಾಸವನ್ನು ಸಡಿಲಬಿಟ್ಟನು. ಇತ್ತ ಶ್ಮೆಲಿಂಗ್ ಲೂಯಿಸನ ಹಳೆಯ ಪಂದ್ಯಗಳ ಚಲನಚಿತ್ರಗಳನ್ನು ಮತ್ತೆ ಮತ್ತೆ ನೋಡಿ ಒಂದು ದೋಷವನ್ನು ಪತ್ತೆಹಚ್ಚಿದನು. ಎಡಗೈಯಿಂದ ಹೊಡೆದ ನಂತರ ಲೂಯಿಸ್ ಆ ಕೈಯನ್ನು ಕೆಳಕ್ಕೆ ಬಿಡುತ್ತಿದ್ದನು. ಒಂದು ಕ್ಷಣ ಅವನ ಗಲ್ಲ ಬಯಲಾಗುತ್ತಿತ್ತು. ಜೂನ್ 19ರಂದು ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಶ್ಮೆಲಿಂಗನ ಬಲಗೈ ಆ ಕ್ಷಣಕ್ಕಾಗಿಯೇ ಕಾದಿತ್ತು. ನಾಲ್ಕನೆಯ ಸುತ್ತಿನಲ್ಲಿ ಲೂಯಿಸ್ ನೆಲಕ್ಕೆ ಬಿದ್ದನು; ಹನ್ನೆರಡನೆಯ ಸುತ್ತಿನಲ್ಲಿ ಪೂರ್ಣ ಪರಾಜಿತನಾದನು. ಅಮೇರಿಕದ ಕಪ್ಪು ಜನರ ಕೇರಿಗಳಲ್ಲಿ ಆ ರಾತ್ರಿ ಮನೆಯ ಹಿರಿಯನು ಸತ್ತಂಥ ದುಃಖ ಕವಿಯಿತು. ಜರ್ಮನಿಯಲ್ಲಿ ಹಿಟ್ಲರನ ಸರ್ಕಾರವು ಇದನ್ನು ಆರ್ಯ ಜನಾಂಗದ ಮೇಲ್ಮೆಗೆ ಪ್ರಮಾಣವೆಂದು ಸಾರಿತು.

ಲೂಯಿಸ್ ನೆಪಗಳನ್ನು ಹುಡುಕಲಿಲ್ಲ. ಮರಳಿ ಗರಡಿಗೆ ಹೋಗಿ ಎಡಗೈಯನ್ನು ತಿದ್ದಿಕೊಂಡನು. 1937ರ ಜೂನ್ 22ರಂದು ಚಿಕಾಗೋದ ಕೊಮಿಸ್ಕಿ ಕ್ರೀಡಾಂಗಣದಲ್ಲಿ ಅಂದಿನ ವಿಶ್ವವಿಜೇತ ಜೇಮ್ಸ್ ಬ್ರ್ಯಾಡಕ್‌ನನ್ನು ಎದುರಿಸಿದನು. ಮೊದಲ ಸುತ್ತಿನಲ್ಲಿ ತಾನೇ ಕೆಳಗೆ ಬಿದ್ದರೂ ಎದ್ದು, ಎಂಟನೆಯ ಸುತ್ತಿನಲ್ಲಿ ಬ್ರ್ಯಾಡಕ್‌ನನ್ನು ಮಲಗಿಸಿ ವಿಶ್ವವಿಜೇತನಾದನು. ಆಗ ಅವನ ವಯಸ್ಸು ಇಪ್ಪತ್ತಮೂರು. ಆದರೆ ಶ್ಮೆಲಿಂಗ್‌ನನ್ನು ಗೆಲ್ಲದೆ ತನ್ನ ಪದವಿ ಪೂರ್ಣವಾಗದೆಂದೇ ಅವನು ಭಾವಿಸಿದನು.

ಸರಿಯಾಗಿ ಒಂದು ವರ್ಷದ ನಂತರ, 1938ರ ಜೂನ್ 22ರಂದು, ಅದೇ ಯಾಂಕೀ ಕ್ರೀಡಾಂಗಣದಲ್ಲಿ ಸುಮಾರು 70,000 ಪ್ರೇಕ್ಷಕರ ಸಮಕ್ಷಮದಲ್ಲಿ ಇಬ್ಬರೂ ಮತ್ತೆ ಎದುರಾದರು. ಯುರೋಪಿನಲ್ಲಿ ಯುದ್ಧದ ಮೋಡಗಳು ಕವಿಯುತ್ತಿದ್ದ ಕಾಲವದು. ಆಸ್ಟ್ರಿಯ ಆಗಲೇ ಹಿಟ್ಲರನ ವಶವಾಗಿತ್ತು. ತನ್ನ ನೆಲದಲ್ಲಿ ಸಮಾನ ಪ್ರಜೆಯೆಂದು ಗಣಿಸಲ್ಪಡದ ಕಪ್ಪು ಯುವಕನ ಮೇಲೆ ಇಡೀ ಅಮೇರಿಕದ ಭರವಸೆ ನಿಂತಿತ್ತು. ಕೋಟ್ಯಂತರ ಜನ ರೇಡಿಯೋಗಳ ಮುಂದೆ ಕಿವಿಗೊಟ್ಟು ಕುಳಿತಿದ್ದರು. ಪಂದ್ಯ ನಡೆದದ್ದು ಎರಡು ನಿಮಿಷ ನಾಲ್ಕು ಸೆಕೆಂಡುಗಳು ಮಾತ್ರ. ಶ್ಮೆಲಿಂಗ್ ಮೂರು ಬಾರಿ ಬಿದ್ದನು; ಅವನ ಬೆನ್ನೆಲುಬಿಗೆ ಪೆಟ್ಟು ತಗುಲಿ ಆಸ್ಪತ್ರೆ ಸೇರಬೇಕಾಯಿತು.

ಇಲ್ಲಿ ಶ್ಮೆಲಿಂಗ್‌ಗೂ ನ್ಯಾಯ ಸಲ್ಲಿಸಬೇಕು. ಆತನು ನಾಜಿ ಪಕ್ಷದ ಸದಸ್ಯನಾಗಿರಲಿಲ್ಲ. ಒತ್ತಾಯವಿದ್ದರೂ ತನ್ನ ಯಹೂದಿ ವ್ಯವಸ್ಥಾಪಕನನ್ನು ಕೈಬಿಡಲಿಲ್ಲ. 1938ರ ನವೆಂಬರ್‌ನಲ್ಲಿ ಯಹೂದಿಗಳ ಮನೆ ಅಂಗಡಿಗಳ ಮೇಲೆ ದಾಳಿ ನಡೆದಾಗ ಇಬ್ಬರು ಯಹೂದಿ ಬಾಲಕರನ್ನು ತನ್ನ ಕೊಠಡಿಯಲ್ಲಿ ಅಡಗಿಸಿ ಬದುಕಿಸಿದನು. ಕಣದಲ್ಲಿ ಶತ್ರುಗಳೆಂದು ಲೋಕ ಬಗೆದ ಈ ಇಬ್ಬರೂ ಯುದ್ಧಾನಂತರ ಆಪ್ತಮಿತ್ರರಾದರು.

ಪಣವನ್ನೆಲ್ಲ ಕೊಟ್ಟ ವೀರ

ಮುಂದಿನ ವರ್ಷಗಳಲ್ಲಿ ಲೂಯಿಸ್ ಯಾವ ಸ್ಪರ್ಧಿಯನ್ನೂ ತಪ್ಪಿಸಿಕೊಳ್ಳಲಿಲ್ಲ. ಕೆಲವು ಕಾಲ ತಿಂಗಳಿಗೊಬ್ಬನಂತೆ ಎದುರಾಳಿಗಳನ್ನು ಎದುರಿಸಿದನು. 1941ರ ಜೂನ್ 18ರಂದು ಬಿಲ್ಲಿ ಕಾನ್ ಎಂಬ ಚುರುಕು ಮಲ್ಲನು ಹನ್ನೆರಡು ಸುತ್ತುಗಳವರೆಗೆ ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಮುಂದಿದ್ದನು. ಗೆಲುವು ಕೈಗೆ ಬಂದಿತೆಂಬ ಉತ್ಸಾಹದಲ್ಲಿ ಹದಿಮೂರನೆಯ ಸುತ್ತಿನಲ್ಲಿ ಹತ್ತಿರ ಬಂದು ಕಾದಾಡಲು, ಲೂಯಿಸ್ ಅವನನ್ನು ಉರುಳಿಸಿದನು.

1941ರ ಡಿಸೆಂಬರ್‌ನಲ್ಲಿ ಅಮೇರಿಕ ಎರಡನೆಯ ಮಹಾಯುದ್ಧವನ್ನು ಪ್ರವೇಶಿಸಿತು. 1942ರ ಜನವರಿ 9ರಂದು ಲೂಯಿಸ್ ತನ್ನ ವಿಶ್ವವಿಜೇತ ಪದವಿಯನ್ನೇ ಪಣಕ್ಕೊಡ್ಡಿ ಬಡ್ಡಿ ಬೇರ್ ಎಂಬವನ ಮೇಲೆ ಕಾದಿದನು. ಅದರಿಂದ ತನಗೆ ಬಂದ ಸುಮಾರು 47,000 ಡಾಲರುಗಳನ್ನು ನೌಕಾಪಡೆಯ ಪರಿಹಾರ ನಿಧಿಗೆ ಅರ್ಪಿಸಿದನು. ಆ ನೌಕಾಪಡೆಯಲ್ಲಿ ಆಗ ಕಪ್ಪು ಯುವಕರಿಗೆ ಅಡಿಗೆ ಬಡಿಸುವ ಊಳಿಗವಲ್ಲದೆ ಬೇರೆ ಕೆಲಸ ಸಿಗುತ್ತಿರಲಿಲ್ಲ. ತನ್ನ ಜನರನ್ನು ಹೊರಗಿಟ್ಟ ಪಡೆಗೆ ಏಕೆ ಕೊಡುವೆಯೆಂದು ಹಲವರು ಆಕ್ಷೇಪಿಸಿದರು. ದೇಶದಲ್ಲಿ ದೋಷಗಳಿದ್ದರೂ ಅವನ್ನು ಹಿಟ್ಲರ್ ಬಂದು ತಿದ್ದಲಾರನೆಂಬುದು ಲೂಯಿಸನ ನಿಲುವಾಗಿತ್ತು. ಮರುದಿನವೇ ಆತನು ಸಾಮಾನ್ಯ ಸಿಪಾಯಿಯಾಗಿ ಭೂಸೇನೆಗೆ ಹೆಸರು ಕೊಟ್ಟನು. ಮಾರ್ಚ್ 27ರಂದು ಏಬ್ ಸೈಮನ್‌ನೊಡನೆ ಕಾದು, ಬಂದ ಸುಮಾರು 36,000 ಡಾಲರುಗಳನ್ನು ಭೂಸೇನೆಯ ಪರಿಹಾರ ನಿಧಿಗೆ ಕೊಟ್ಟನು. ಮರುತಿಂಗಳು ಗುರು ಬ್ಲ್ಯಾಕ್‌ಬರ್ನ್ ತೀರಿಕೊಂಡನು.

ಸೈನ್ಯದಲ್ಲಿದ್ದ ಮೂರೂವರೆ ವರ್ಷಗಳಲ್ಲಿ ಲೂಯಿಸ್ ಸ್ವದೇಶದ ಶಿಬಿರಗಳಲ್ಲಿಯೂ ಯುರೋಪಿನಲ್ಲಿಯೂ ಸಂಚರಿಸಿ, ಸುಮಾರು 20 ಲಕ್ಷ ಯೋಧರ ಎದುರು 96 ಪ್ರದರ್ಶನ ಪಂದ್ಯಗಳನ್ನು ಆಡಿದನು. ಕ್ಯಾನ್ಸಾಸ್ ರಾಜ್ಯದ ಫೋರ್ಟ್ ರೈಲಿ ಶಿಬಿರದಲ್ಲಿ ಯೋಗ್ಯತೆಯುಳ್ಳ ಕಪ್ಪು ಯೋಧರಿಗೂ ಅಧಿಕಾರಿಗಳ ತರಬೇತಿಗೆ ಪ್ರವೇಶ ದೊರೆಯದಿದ್ದುದನ್ನು ಕಂಡು, ರಾಜಧಾನಿಯ ಅಧಿಕಾರಿಗಳಿಗೆ ವಿಷಯ ಮುಟ್ಟಿಸಿದನು. ಅನಂತರ ಪ್ರವೇಶ ಪಡೆದವರಲ್ಲಿ, 1947ರಲ್ಲಿ ಬೇಸ್‌ಬಾಲ್ ಆಟದ ವರ್ಣನಿಷೇಧವನ್ನು ಮುರಿದ ಜ್ಯಾಕಿ ರಾಬಿನ್ಸನ್ ಒಬ್ಬನು. 1944ರಲ್ಲಿ ಅಲಬಾಮದ ಸೇನಾಶಿಬಿರವೊಂದರಲ್ಲಿ ಬಸ್ಸಿಗಾಗಿ ಕಾಯುತ್ತಿದ್ದ ಲೂಯಿಸ್‌ಗೂ ಮಿತ್ರ ಷುಗರ್ ರೇ ರಾಬಿನ್ಸನ್‌ಗೂ ಕಪ್ಪು ಜನರ ಜಾಗಕ್ಕೆ ಹೋಗಬೇಕೆಂದು ಸೇನಾ ಪೊಲೀಸರು ಆಜ್ಞೆಮಾಡಿದರು. ಸಮವಸ್ತ್ರ ತೊಟ್ಟ ವಿಶ್ವವಿಜೇತನು ಅಲ್ಲಿಂದ ಕದಲಲಿಲ್ಲ. ಬಂಧನವಾಯಿತಾದರೂ ಮೇಲಧಿಕಾರಿಗಳು ಬೇಗನೆ ಬಿಡಿಸಬೇಕಾಯಿತು. ಮಾತು ಬಾರದವನೆಂದು ಹೆಸರಾದ ಲೂಯಿಸ್ ಅನ್ಯಾಯವನ್ನು ಎದುರಿಸಿದ ರೀತಿ ಇದು. 1945ರಲ್ಲಿ ಸೈನ್ಯವು ಅವನಿಗೆ ಲೀಜನ್ ಆಫ್ ಮೆರಿಟ್ ಪದಕವನ್ನಿತ್ತು ಬೀಳ್ಕೊಟ್ಟಿತು.

ತೆರಿಗೆಯ ಲೆಕ್ಕ

ಸಿಪಾಯಿಯ ಅಲ್ಪ ವೇತನದ ಕಾಲದಲ್ಲಿಯೂ ಲೂಯಿಸನ ಕೊಡುವ ಕೈ ನಿಲ್ಲಲಿಲ್ಲ. ಬಂಧುಗಳು, ಬಾಲ್ಯದ ಗೆಳೆಯರು, ಗುರುತೇ ಇಲ್ಲದವರು, ಎಲ್ಲರೂ ಬಂದು ಕೈಯೊಡ್ಡುತ್ತಿದ್ದರು. ಡೆಟ್ರಾಯಿಟ್‌ನ ನಿರುದ್ಯೋಗಿ ಮಿತ್ರರಿಗಾಗಿ ಸಾಫ್ಟ್‌ಬಾಲ್ ತಂಡವೊಂದನ್ನೇ ಕಟ್ಟಿ ಸಾಕಿದ್ದನು. ಉಪಾಹಾರಗೃಹ, ಪಾನೀಯ ಮೊದಲಾದ ಉದ್ಯಮಗಳಲ್ಲಿ ಹೂಡಿದ ಹಣ ಮುಳುಗಿತು. ಸೈನ್ಯದಿಂದ ಹೊರಬರುವ ಹೊತ್ತಿಗೆ ತನ್ನ ವ್ಯವಸ್ಥಾಪಕರಿಗೂ ಪಂದ್ಯಗಳ ಏರ್ಪಾಡುಗಾರ ಮೈಕ್ ಜೇಕಬ್ಸ್‌ಗೂ ದೊಡ್ಡ ಮೊತ್ತದ ಸಾಲಗಾರನಾಗಿದ್ದನು.

1946ರ ಜೂನ್ 19ರಂದು ಬಿಲ್ಲಿ ಕಾನ್‌ನನ್ನು ಎಂಟನೆಯ ಸುತ್ತಿನಲ್ಲಿ ಮತ್ತೆ ಸೋಲಿಸಿದಾಗ ಲೂಯಿಸನ ಪಾಲಿಗೆ ಆರು ಲಕ್ಷ ಡಾಲರುಗಳಿಗೂ ಮಿಕ್ಕಿದ ಹಣ ಬಂದಿತು. ಆದರೆ ಅದರಲ್ಲಿ ವ್ಯವಸ್ಥಾಪಕನ ಪಾಲು, ಹಳೆಯ ಸಾಲ, ಹೆಂಡತಿಗೆ ಕೊಡತಕ್ಕ ಹಣ, ತೆರಿಗೆ ಎಲ್ಲವೂ ಕಳೆದು ಉಳಿದದ್ದು ಅತ್ಯಲ್ಪ. ಆ ಕಾಲದಲ್ಲಿ ಹೆಚ್ಚಿನ ವರಮಾನದ ಮೇಲಿನ ತೆರಿಗೆ ಶೇಕಡಾ 80ನ್ನೂ ಮೀರಿತ್ತು. ಲೂಯಿಸ್‌ಗೆ ಲೆಕ್ಕಪತ್ರಗಳ ಜ್ಞಾನವಿರಲಿಲ್ಲ. ಲೆಕ್ಕ ಇಡುವವರನ್ನು ನಂಬಿ ಕುಳಿತಿದ್ದನು. ತೆರಿಗೆ ಇಲಾಖೆಯವರು ಹಳೆಯ ಕಾಗದಗಳನ್ನು ಬಿಚ್ಚಿ ನೋಡಿದಾಗ ಹಲವು ವಿನಾಯಿತಿಗಳು ತಿರಸ್ಕೃತವಾದವು. 1942ರಲ್ಲಿ ಸೇನಾ ನಿಧಿಗಳಿಗೆ ಅರ್ಪಿಸಿದ ಹಣವನ್ನು ಸಹ ಅವನು ಪಡೆದ ವರಮಾನವೆಂದೇ ಎಣಿಸಲಾಯಿತು. ಕೈಯಿಂದ ಮುಟ್ಟದೆ ದೇಶಕ್ಕೆ ಕೊಟ್ಟ ಹಣಕ್ಕೆ ದೇಶವೇ ತೆರಿಗೆ ಕೇಳಿತು. 1950ರ ಹೊತ್ತಿಗೆ ಬಾಕಿ ಐದು ಲಕ್ಷ ಡಾಲರುಗಳನ್ನು ದಾಟಿತ್ತು. ಬಡ್ಡಿ ಸೇರಿ ಮುಂದೆ ಹತ್ತು ಲಕ್ಷವನ್ನೂ ಮೀರಿತು. ವೃತ್ತಿಜೀವನದಲ್ಲಿ ಅವನ ಪಂದ್ಯಗಳಿಂದ ಬಂದ ಪಣದ ಮೊತ್ತ ಸುಮಾರು 46 ಲಕ್ಷ ಡಾಲರು. ಅವನ ಕೈಗೆ ಸೇರಿದ್ದು ಸುಮಾರು 8 ಲಕ್ಷವೆಂದು ಅಂದಾಜು ಮಾಡಲಾಗಿದೆ.

ಜರ್ಸಿ ಜೋ ವಾಲ್ಕಾಟ್‌ನನ್ನು 1948ರ ಜೂನ್‌ನಲ್ಲಿ ಎರಡನೆಯ ಬಾರಿ ಸೋಲಿಸಿ, 1949ರ ಮಾರ್ಚ್ 1ರಂದು ಅಜೇಯ ವಿಜೇತನಾಗಿಯೇ ಲೂಯಿಸ್ ನಿವೃತ್ತಿ ಘೋಷಿಸಿದ್ದನು. ತೆರಿಗೆಯ ಬಾಕಿ ಅವನನ್ನು ಮತ್ತೆ ಕಣಕ್ಕೆ ಎಳೆತಂದಿತು. 1950ರ ಸೆಪ್ಟೆಂಬರ್ 27ರಂದು ಎಝರ್ಡ್ ಚಾರ್ಲ್ಸ್‌ಗೆ ಹದಿನೈದು ಸುತ್ತುಗಳ ನಂತರ ತೀರ್ಪಿನಲ್ಲಿ ಸೋತನು. 1951ರ ಅಕ್ಟೋಬರ್ 26ರಂದು, ಮೂವತ್ತೇಳರ ವಯಸ್ಸಿನಲ್ಲಿ, ಬಾಲ್ಯದಿಂದ ತನ್ನನ್ನೇ ಆರಾಧಿಸಿ ಬೆಳೆದ ರಾಕಿ ಮಾರ್ಸಿಯಾನೋ ಎಂಬ ತರುಣನ ಹೊಡೆತಕ್ಕೆ ಎಂಟನೆಯ ಸುತ್ತಿನಲ್ಲಿ ಹಗ್ಗಗಳ ಆಚೆ ಬಿದ್ದನು. ಗೆದ್ದ ಮಾರ್ಸಿಯಾನೋ ಆ ರಾತ್ರಿ ಕಣ್ಣೀರಿಟ್ಟನು. ವೃತ್ತಿಜೀವನದ 66 ಗೆಲುವುಗಳಿಗೆ ಮೂರೇ ಸೋಲುಗಳು. ಅವುಗಳಲ್ಲಿ ಎರಡು ಸಾಲ ತೀರಿಸಲು ಬಂದು ಪಡೆದವು.

1953ರಲ್ಲಿ ತಾಯಿ ಲಿಲ್ಲಿ ತೀರಿಕೊಂಡಳು. ಆಕೆ ಮಗನಿಗೆಂದು ಬಿಟ್ಟುಹೋದ 667 ಡಾಲರುಗಳನ್ನು ಕೂಡ ತೆರಿಗೆ ಇಲಾಖೆ ಜಫ್ತಿ ಮಾಡಿಕೊಂಡಿತು. 1956ರಲ್ಲಿ ವಿಶ್ವವಿಜೇತನು ಜನರ ಮನರಂಜನೆಗಾಗಿ ನಡೆಯುವ ಕುಸ್ತಿಯ ಪ್ರದರ್ಶನಗಳಿಗೆ ಇಳಿದನು. ಎದುರಾಳಿಯ ಭಾರಕ್ಕೆ ಎದೆಗೆ ಪೆಟ್ಟಾಗಿ ಅದನ್ನೂ ನಿಲ್ಲಿಸಬೇಕಾಯಿತು. ಇದನ್ನು ಅಪಮಾನವೆಂದು ಇತರರು ಮರುಗಿದರೂ ಲೂಯಿಸ್ ಹಾಗೆ ತಿಳಿಯಲಿಲ್ಲ. ಪ್ರಾಮಾಣಿಕವಾದ ದುಡಿಮೆ ಯಾವುದೂ ಅವನಿಗೆ ಕೀಳಾಗಿ ತೋರಲಿಲ್ಲ. ಕೊನೆಗೆ 1960ರ ದಶಕದ ಆರಂಭದಲ್ಲಿ, ಈತನಿಂದ ಹಳೆಯ ಬಾಕಿ ಎಂದಿಗೂ ಬಾರದೆಂದು ಮನಗಂಡ ಇಲಾಖೆಯು ಆಯಾ ವರ್ಷದ ಗಳಿಕೆಯ ತೆರಿಗೆಯನ್ನಷ್ಟೇ ಕಟ್ಟಿಸಿಕೊಳ್ಳಲು ಒಪ್ಪಿತು.

ಕಡೆಯ ದಿನಗಳು

ಈ ಇಳಿಗಾಲದಲ್ಲಿಯೂ ಲೂಯಿಸ್ ಮತ್ತೊಂದು ಬಾಗಿಲನ್ನು ತೆರೆದನು. ಅಮೇರಿಕದ ವೃತ್ತಿಪರ ಗಾಲ್ಫ್ ಸಂಘದ ನಿಯಮಾವಳಿಯಲ್ಲಿ ಬಿಳಿಯರಿಗೆ ಮಾತ್ರ ಸದಸ್ಯತ್ವವೆಂಬ ಕಲಮು ಇದ್ದಿತು. 1952ರ ಜನವರಿಯಲ್ಲಿ ಸಾನ್ ಡೀಯೆಗೋ ಪಂದ್ಯಾವಳಿಯವರು ಲೂಯಿಸ್‌ನನ್ನು ಹವ್ಯಾಸಿಯಾಗಿ ಆಹ್ವಾನಿಸಿ, ಸಂಘದ ತಕರಾರಿನಿಂದ ಹಿಂದೆ ಸರಿಯಲು ನೋಡಿದರು. ಲೂಯಿಸ್ ವಿಷಯವನ್ನು ಪತ್ರಿಕೆಗಳ ಮುಂದಿಟ್ಟನು. ಸಂಘ ಮಣಿಯಿತು, ಲೂಯಿಸ್ ಆಡಿದನು. ಆ ಕಲಮು 1961ರಲ್ಲಿ ಪೂರ್ತಿಯಾಗಿ ರದ್ದಾಯಿತು.

1959ರಲ್ಲಿ ಮದುವೆಯಾದ ಮಾರ್ಥಾ ಜೆಫರ್ಸನ್ ಎಂಬ ನ್ಯಾಯವಾದಿ ಅವನ ಬಾಳಿಗೆ ಆಸರೆಯಾಗಿ ನಿಂತಳು. ಅರವತ್ತರ ದಶಕದ ಕೊನೆಯಲ್ಲಿ ಮಾದಕ ವಸ್ತುವಿನ ಚಟವೂ ಚಿತ್ತಭ್ರಮೆಯೂ ಅವನನ್ನು ಕಾಡಿದವು. 1970ರಲ್ಲಿ ಡೆನ್ವರ್ ನಗರದ ಮನೋರೋಗ ಚಿಕಿತ್ಸಾಲಯದಲ್ಲಿ ಕೆಲವು ತಿಂಗಳು ಕಳೆದನು. ಬಳಿಕ ಲಾಸ್ ವೇಗಸ್ ನಗರದ ಸೀಸರ್ಸ್ ಪ್ಯಾಲೆಸ್ ಹೋಟೆಲಿನಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ಕೆಲಸ ದೊರೆಯಿತು. 1977ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದ ಮೇಲೆ ಗಾಲಿಕುರ್ಚಿಯೇ ಗತಿಯಾಯಿತು. 1981ರ ಏಪ್ರಿಲ್ 11ರಂದು ಅಲ್ಲಿಯೇ ನಡೆದ ಹೆವಿವೇಟ್ ಪಂದ್ಯವೊಂದನ್ನು ಗಾಲಿಕುರ್ಚಿಯಲ್ಲಿ ಕುಳಿತು ವೀಕ್ಷಿಸಿದನು. ಮರುದಿನ, ಏಪ್ರಿಲ್ 12ರಂದು, ಅರವತ್ತಾರನೆಯ ವಯಸ್ಸಿನಲ್ಲಿ ಹೃದಯಸ್ತಂಭನದಿಂದ ನಿಧನನಾದನು.

ಆರ್ಲಿಂಗ್ಟನ್ ರಾಷ್ಟ್ರೀಯ ರುದ್ರಭೂಮಿಯಲ್ಲಿ ಹೂಳಲ್ಪಡಲು ವಿಧಿಸಿದ್ದ ನಿಯಮಗಳು ಅವನಿಗೆ ಅನ್ವಯಿಸುತ್ತಿರಲಿಲ್ಲ. ಅಧ್ಯಕ್ಷ ರೇಗನ್ ಆ ನಿಯಮಗಳನ್ನು ಸಡಿಲಿಸಲು, ಪೂರ್ಣ ಸೇನಾಗೌರವಗಳೊಡನೆ ಅಲ್ಲಿ ಸಮಾಧಿಯಾಯಿತು. ಅಂತ್ಯಕ್ರಿಯೆಯ ವೆಚ್ಚದಲ್ಲಿ ಪಾಲು ಕೊಟ್ಟವರಲ್ಲಿ ಮ್ಯಾಕ್ಸ್ ಶ್ಮೆಲಿಂಗ್ ಒಬ್ಬನು. 1986ರಲ್ಲಿ ಡೆಟ್ರಾಯಿಟ್ ನಗರದ ನಡುವೆ ಲೂಯಿಸನ ನೆನಪಿಗಾಗಿ 24 ಅಡಿ ಉದ್ದದ ಕಂಚಿನ ಮುಷ್ಟಿಯೊಂದನ್ನು ತೂಗುಹಾಕಲಾಯಿತು. ಕುಟುಂಬವು ಬಿಟ್ಟುಬಂದಿದ್ದ ಲಾಫಯೆಟ್ ಪಟ್ಟಣದಲ್ಲಿಯೂ 2010ರಲ್ಲಿ ನ್ಯಾಯಾಲಯದ ಕಟ್ಟಡದ ಮುಂದೆ ಅವನ ಪ್ರತಿಮೆ ನಿಂತಿತು. ಕಪ್ಪು ಜನರಿಗೆ ನ್ಯಾಯ ದುರ್ಲಭವಾಗಿದ್ದ ಸೀಮೆಯಲ್ಲಿ, ನ್ಯಾಯಸ್ಥಾನದ ಹೊಸ್ತಿಲಲ್ಲಿಯೇ ಪಾಲುಗಾರನ ಮಗನಿಗೆ ಸ್ಥಾನ ದೊರೆಯಿತು.

ಜೋ ಲೂಯಿಸನ ಜೀವನವನ್ನು ನಿರ್ದೋಷವಾದ ಆದರ್ಶವೆಂದು ಯಾರೂ ಹೇಳಲಾರರು. ಸಂಯಮವಿಲ್ಲದ ವೆಚ್ಚ, ಲೆಕ್ಕದ ಅಜ್ಞಾನ, ಗೃಹಜೀವನದ ಲೋಪಗಳು ಅವನನ್ನು ಬಹಳವಾಗಿ ನೋಯಿಸಿದವು, ಅವನವರನ್ನೂ ನೋಯಿಸಿದವು. ಕೈಕಸುಬನ್ನು ಕಲಿಸಿದ ಶಾಲೆಯು ಅವನಿಗೆ ತನ್ನ ಗಳಿಕೆಯ ಲೆಕ್ಕವನ್ನು ತಾನೇ ಓದುವಷ್ಟು ವಿದ್ಯೆಯನ್ನೂ ಕಲಿಸಿದ್ದರೆ ಕಥೆ ಬೇರೆಯಾಗುತ್ತಿತ್ತು. ವಿದ್ಯಾಲಯಗಳನ್ನು ನಡೆಸುವವರು ಮನಸ್ಸಿನಲ್ಲಿಡಬೇಕಾದ ಸಂಗತಿಯಿದು. ಕೊಡುವವನ ಕೈಯನ್ನು ಹೊಗಳುವುದು ಸುಲಭ. ಕೊಟ್ಟವನು ಬರಿಗೈಯಾದಾಗ ಅವನ ಬೆಂಬಲಕ್ಕೆ ನಿಲ್ಲುವುದು ಸಮಾಜದ ಹೊಣೆ. ಆ ಹೊಣೆಯಲ್ಲಿ ಅವನ ನಾಡು ಬಹುಕಾಲ ತಪ್ಪಿತು. ಕೆಲವರು ಮಿತ್ರರು ಮಾತ್ರ ತಪ್ಪಲಿಲ್ಲ. ಆದರೂ ಹಿಡಿದ ಕಾಯಕವನ್ನು ಶುದ್ಧವಾಗಿ ನಡೆಸಿದ, ಬಿದ್ದವನನ್ನು ಹೀಯಾಳಿಸದ, ಪಡೆದುದನ್ನು ಹಂಚಿದ ಆ ಮಿತಭಾಷಿಯ ಹೆಸರು ಮಾಸಲಿಲ್ಲ. ಅವನ ಗೆಲುವುಗಳನ್ನು ಕ್ರೀಡಾಚರಿತ್ರೆ ಬರೆದಿಟ್ಟಿದೆ. ಅವನ ಕೊಡುಗೆಯನ್ನು ನೆನೆಯುವುದು ಕೃತಜ್ಞತೆಯನ್ನು ಬಲ್ಲ ಎಲ್ಲರ ಕರ್ತವ್ಯ.